ತಾಟಿನಿಂದ ಏಳುತ್ತಿದ್ದ ಮಾವಶಿ

ಮಾವಶಿ ಒಂದು ಊಟವನ್ನು ಕೂತು ಪೂರ್ತಿ ಉಂಡದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಅವರ ಖಾನಾವಳಿಯಲ್ಲಿ ವರ್ಷಗಟ್ಟಲೆ ಉಂಡವಳು ನಾನು. ಅವರು ಬಡಿದ ರೊಟ್ಟಿ, ಅವರು ಕುಟ್ಟಿದ ಶೇಂಗಾ ಚಟ್ನಿ, ಅವರ ಎಣ್ಣೆಗಾಯಿ ತಿಂದೇ ನನ್ನ ಮೈಮೇಲೆ ಇಷ್ಟು ಮಾಂಸ ಬಂದಿರುವುದು. ಕಳೆದ ತಿಂಗಳು ಅವರು ತೀರಿಕೊಂಡ ಸುದ್ದಿಯನ್ನು ಅವರ ಗಂಡ ಫೋನಿನಲ್ಲಿ ಹೇಳಿದಾಗ ನನಗೆ ಮೊದಲು ನಾಚಿಕೆಯಾಯಿತು, ಅಳು ಆಮೇಲೆ ಬಂತು. ಅಳು ಎರಡು ದಿನಕ್ಕೆ ನಿಂತಿತು. ನಾಚಿಕೆ ಇನ್ನೂ ಇದೆ. ಬರೆದರೆ ಸ್ವಲ್ಪ ಇಳಿದೀತೆಂದು ಕೂತಿದ್ದೇನೆ.

ನಾನು ಧಾರವಾಡದವಳು. ಪುಣೆ ಹತ್ತಿರದ ಭೋಸರಿಯ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು ನೋಡಿ, ಸರಿಯಿಲ್ಲದ್ದನ್ನು ವಾಪಸು ಕಳಿಸುವುದು ನನ್ನ ಕೆಲಸ. ಒಂದು ಕೋಣೆ ಹಿಡಿದು ಒಬ್ಬಳೇ ಇದ್ದೇನೆ. ಅಡುಗೆ ಬರುವುದಿಲ್ಲ, ಕಲಿಯುವ ಮನಸ್ಸೂ ಇಲ್ಲ. ಇದನ್ನು ಕೇಳಿದಾಗ ನಮ್ಮ ಕಡೆಯ ಹೆಂಗಸರ ಮುಖ ಹೇಗಾಗುತ್ತದೆಂದು ನೋಡುವುದು ನನಗೊಂದು ಮೋಜು. ಮಾವಶಿ ಮಾತ್ರ ನಕ್ಕಿದ್ದರು. “ಕಲೀಬ್ಯಾಡ್ರಿ ಬಾಯಾರ. ನೀವೆಲ್ಲಾ ಕಲತ್ರ ನನ್ನ ಹಂಚು ತಣ್ಣಗಾಗ್ತದ” ಎಂದಿದ್ದರು.

ಪಾಳಿಯಲ್ಲಿ ದುಡಿಯುವ ಗಂಡಸರಿಗೆಲ್ಲ, ಕನ್ನಡದವರಿರಲಿ ಮರಾಠಿಯವರಿರಲಿ, ಅವರು ಮಾವಶಿ, ಅಂದರೆ ಚಿಕ್ಕಮ್ಮ. ವಿಜಯಪುರದ ಕಡೆಯವರು. ಗಂಡ ಪ್ರೆಸ್ ಮಷಿನ್ನಿನ ಮುಂದೆ ನಿಂತೂ ನಿಂತೂ ಬೆನ್ನು ಕಳೆದುಕೊಂಡ ಮೇಲೆ, ಮನೆಯ ಮುಂದಿನ ಕೋಣೆಯಲ್ಲಿ ಬೆಂಚು ಹಾಕಿ ಖಾನಾವಳಿ ತೆರೆದಿದ್ದರು. ಗಂಡಸರು ಹೊರಗೆ ಬೆಂಚಿನ ಮೇಲೆ ಉಣ್ಣುತ್ತಿದ್ದರು. ನಾನು ಒಳಗೆ, ಒಲೆಯ ಪಕ್ಕ, ಮಣೆಯ ಮೇಲೆ. ಮೊದಲ ದಿನ ನಾನು ಬೆಂಚಿನ ತುದಿಯಲ್ಲಿ ಕೂತಿದ್ದಾಗ ಒಳಗಿನಿಂದ ಕೂಗು ಬಂದಿತ್ತು: “ಹೆಣ್ಮಗಳು ಅಲ್ಲ್ಯಾಕ ಕುಂತೀರಿ? ತವರಮನಿಗೆ ಬಂದವ್ರು ಒಳಗ ಬರ್ತಾರ, ಬರ್ರಿ.” ನಾನು ಎದ್ದು ಹೋದೆ. ಹಾಗಾಗಿ ಹೊರಗಿನವರು ಕಾಣದ್ದೆಲ್ಲ ನನಗೆ ಕಂಡಿತು.

ಅವರಿಗೆ ಜನರ ಹೆಸರು ನೆನಪಿರುತ್ತಿರಲಿಲ್ಲ, ಹಸಿವು ನೆನಪಿರುತ್ತಿತ್ತು. ಒಬ್ಬ ‘ಉಳ್ಳಾಗಡ್ಡಿಯಾಂವ’, ಒಬ್ಬ ‘ಮಸರು ಬ್ಯಾಡನ್ನಾಂವ’, ಒಬ್ಬ ‘ಕಡೀಕ ಬರಾಂವ’. ಎಲ್ಲರಿಗಿಂತ ಅಕ್ಕರೆಯ ಗಿರಾಕಿಯೆಂದರೆ ‘ರೊಟ್ಟಿ ಸಾಹುಕಾರ’. ಯಾದಗಿರಿ ಕಡೆಯವನು, ಕಟ್ಟಡದ ಕೆಲಸಗಾರ. ಎತ್ತರದ ಆಳು, ಮಾತು ಕಡಿಮೆ. ಕೂತನೆಂದರೆ ತಾಟಿನಲ್ಲಿ ರೊಟ್ಟಿ ಬಿದ್ದದ್ದೇ ಗೊತ್ತಾಗುತ್ತಿರಲಿಲ್ಲ. ಅವನು ಬಂದ ದಿನ ಮಾವಶಿಯ ಕೈ ಇನ್ನಷ್ಟು ಚುರುಕಾಗುತ್ತಿತ್ತು. “ಉಂಡ್ರ ಹಂಗ ಉಣಬೇಕ್ ನೋಡ್ರಿ. ನಿಮ್ಮಂಗ ಗುಬ್ಬಿ ಹೆಕ್ಕಿದಂಗ ಹೆಕ್ಕಿದ್ರ ನನಗೇನ್ ಖುಷಿ?” ಎಂದು ನನ್ನನ್ನು ಅಣಕಿಸುತ್ತಿದ್ದರು. ಉಣ್ಣಲು ಕೂತವನಿಗೆ ಸಾಕೇ ಎಂದು ಕೇಳುವುದು ಅವರ ಮನೆಯಲ್ಲಿ ಪಾಪ. ಒಮ್ಮೆ ಗಂಡ ಬಾಯಿ ತಪ್ಪಿ ಯಾರಿಗೋ ಹಾಗೆ ಕೇಳಿದ್ದಕ್ಕೆ ಸಂಜೆಯವರೆಗೆ ಅವರೊಂದಿಗೆ ಮಾತು ಬಿಟ್ಟಿದ್ದರು.

ಒಂದು ಮಧ್ಯಾಹ್ನ ನಾನು ಕೈ ತೊಳೆಯಲೆಂದು ಹಿತ್ತಲ ಕಡೆಗೆ ಹೋದಾಗ, ಹಿಟ್ಟಿನ ಡಬ್ಬಗಳ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದ್ದರು. ಸೆರಗು ಬಾಯಲ್ಲಿ ಕಚ್ಚಿಕೊಂಡಿದ್ದರು. ಕೈಯಲ್ಲಿ ಸಿರಿಂಜು, ಹೊಟ್ಟೆಯ ಮಡಿಕೆಯಲ್ಲಿ ಸೂಜಿ. ನನ್ನನ್ನು ನೋಡಿ ಅವರ ಮುಖ ಹೇಗಾಯಿತೆಂದರೆ, ಮೈಮೇಲೆ ಬಟ್ಟೆಯಿಲ್ಲದಾಗ ಕಂಡಿದ್ದರೂ ಅಷ್ಟು ಕುಗ್ಗುತ್ತಿರಲಿಲ್ಲ. ಸೂಜಿ ಕಿತ್ತು ಸಿರಿಂಜನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

“ಸಕ್ಕರಿ ಅದ ಬಾಯಾರ. ಯಾರ ಮುಂದೂ ಅನಬ್ಯಾಡ್ರಿ.”

ಸಕ್ಕರೆ ಕಾಯಿಲೆ ಯಾರಿಗಿಲ್ಲ, ಇದರಲ್ಲಿ ಮುಚ್ಚಿಡುವುದೇನಿದೆ ಎಂದು ನಾನು ಓದಿದವಳ ಗತ್ತಿನಲ್ಲಿ ಕೇಳಿದೆ. ಅವರು ಸಿಟ್ಟಿಗೆದ್ದರು. “ಇದು ಕೂತು ತಿನ್ನೋರ ರೋಗ ಅಂತಾರ ನಮ್ಮ ಊರಾಗ. ನಾ ಯಾವಾಗ ಕೂತು ತಿಂದೀನ್ರಿ? ನೀವ ಹೇಳ್ರಿ, ಯಾವಾಗ ನೋಡೀರಿ? ಮಂದಿ ಏನಂದಾರು? ಮಾವಶಿ ನಮ್ಮ ಪಾಲಿಂದೂ ತಾನ ತಿಂದು ರೋಗ ತಂದ್ಕೊಂಡಾಳ ಅಂದಾರು. ಖಾನಾವಳಿಯಾಕಿಗೇ ರೋಗ ಅಂದ್ರ ಆಕಿ ಕೈಯಾಂದು ಯಾರ ಉಣ್ತಾರ?”

ಹೊರಗಿನ ಗೋಡೆಯ ಮೇಲೆ ಅವರ ಗಂಡ ಎಂದೋ ಚೆಂದದ ಅಕ್ಷರದಲ್ಲಿ ಬರೆಸಿದ್ದರು: ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಮಾವಶಿ ಅದರತ್ತ ಗದ್ದ ಎತ್ತಿ, “ನಮ್ಮ ಗ್ವಾಡಿನ ನಮ್ಮನ್ನ ಅಣಕಸ್ತದ” ಎಂದರು. ನಾನು ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಕೊಡುವಾಗ ಒಳಗೊಳಗೇ ಹೆಮ್ಮೆಯೂ ಆಯಿತು. ಒಬ್ಬರ ಗುಟ್ಟು ನಮ್ಮ ಕೈಗೆ ಬಂದರೆ ನಾವು ಅವರ ಮನೆಯವರೇ ಆದೆವೆಂಬ ಭ್ರಮೆ ಬರುತ್ತದಲ್ಲ, ಅದು.

ಅವರ ಇನ್ಸುಲಿನ್ ದವಾಖಾನೆಯಲ್ಲಿ ಕೊಡುವ ಸಾದಾ ಬಾಟಲಿಯದು. ಊಟಕ್ಕೆ ಅರ್ಧ ತಾಸು ಮೊದಲು ಚುಚ್ಚಿಕೊಳ್ಳಬೇಕು, ಅರ್ಧ ತಾಸಿನ ನಂತರ ತಪ್ಪದೆ ಉಣ್ಣಬೇಕು. ಒಮ್ಮೆ ನಾನು ಜೊತೆಗೆ ಹೋಗಿದ್ದಾಗ ಡಾಕ್ಟರಮ್ಮ ಮರಾಠಿಯಲ್ಲಿ ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದರು: “ಆಧೀ ಇಂಜೆಕ್ಷನ್, ಮಗ ಜೇವಣ. ವೇಳೇವರ ಜೇವಾ, ಮಾವಶಿ.” ಮೊದಲು ಇಂಜೆಕ್ಷನ್, ಆಮೇಲೆ ಊಟ, ಅದೂ ಹೊತ್ತಿಗೆ ಸರಿಯಾಗಿ. ಮೊದಲು ಚುಚ್ಚಿಕೊಂಡರೆ ಊಟದ ಸಕ್ಕರೆ ರಕ್ತಕ್ಕೆ ಏರುವ ಹೊತ್ತಿಗೆ ಔಷಧಿ ಕಾದು ಕೂತಿರುತ್ತದೆ. ಉಂಡ ಮೇಲೆ ಚುಚ್ಚಿಕೊಂಡರೆ ಸಕ್ಕರೆ ಮುಂದೆ ಓಡಿರುತ್ತದೆ, ಔಷಧಿ ಹಿಂದೆ ಬೀಳುತ್ತದೆ. ಚುಚ್ಚಿಕೊಂಡು ಉಣ್ಣದೇ ಇದ್ದರಂತೂ ಸಕ್ಕರೆ ಪಾತಾಳಕ್ಕೆ ಇಳಿದು, ಏನು ಆಡುತ್ತೇವೆಂಬ ಅರಿವು ಹೋಗಿ, ಎಚ್ಚರವೇ ತಪ್ಪುತ್ತದೆ. ಮಾವಶಿ “ಹೋ, ಹೋ” ಎಂದು ತಲೆಯಾಡಿಸಿ ಹೊರಗೆ ಬಂದವರು ಮೆಟ್ಟಿಲ ಮೇಲೇ ನಿಂತರು. “ಅರ್ಧ ತಾಸಿನ ಮ್ಯಾಲೆ ನಾ ಉಣ್ತೀನೋ ಇಲ್ಲೋ ಅಂತ ನನಗ ಹೆಂಗ ಗೊತ್ತಿರ್ತದ್ರಿ? ಅದು ಬಾಗಲಾ ತಗದು ಬರಾವ್ರ ಕೈಯಾಗದ.”

ನಿಜವೇ. ನಾನು ಕಣ್ಣಾರೆ ನೋಡುತ್ತಿದ್ದೆ. ಮಧ್ಯಾಹ್ನದ ಕೊನೆಯ ಪಂಕ್ತಿ ಎದ್ದಿತೆಂದುಕೊಂಡು ಚುಚ್ಚಿಕೊಳ್ಳುವರು, ಪಾತ್ರೆ ಸರಿಸಿ ನೆಲ ಒರೆಸುವರು, ತಾಟಿಗೆ ಎರಡು ರೊಟ್ಟಿ, ಒಂದಿಷ್ಟು ಪಲ್ಯ ಹಾಕಿಕೊಂಡು ಕೂರುವರು. ಒಂದು ತುತ್ತು ಬಾಯಿಗಿಡುವಷ್ಟರಲ್ಲಿ ಹೊರಗೆ ಚಪ್ಪಲಿ ಸದ್ದು. “ಮಾವಶಿ, ಐತೇನ?” ಎನ್ನುವುದೇ ತಡ, ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿ ಎದ್ದುಬಿಡುವರು. ತಣ್ಣಗಿನ ರೊಟ್ಟಿ ಬಡಿಸುವುದು ಅವರ ಜಾಯಮಾನವೇ ಅಲ್ಲ. ಬಂದವನಿಗೆ ಹೊಸದಾಗಿ ಬಡಿಯಬೇಕು. ಬೆವರುತ್ತ, ಕೈ ನಡುಗುತ್ತ ಒಲೆಯ ಮುಂದೆ ನಿಲ್ಲುವರು. ಇಳಿದ ಸಕ್ಕರೆ ಏರಲೆಂದು ಸೆರಗಿನ ಗಂಟಿನಲ್ಲಿದ್ದ ಬೆಲ್ಲದ ಚೂರನ್ನು, ಯಾರೂ ಇಲ್ಲವೆಂದು ನೋಡಿ ಬಾಯಿಗೆ ಎಸೆದುಕೊಳ್ಳುವರು, ಕದ್ದು ತಿನ್ನುವ ಮಗುವಿನ ಹಾಗೆ. ಅವರ ಗಂಡ ಬೆನ್ನು ಹಿಡಿದುಕೊಂಡು ಹೊರಗೆ ಮಂಚದ ಮೇಲೆ. ನಾನು ಒಳಗೆ ಮಣೆಯ ಮೇಲೆ, ಎರಡೂ ಕೈ ನೆಟ್ಟಗಿರುವ ಹೆಂಗಸು. “ನೀವು ಉಣ್ಣಿರಿ, ನಾನು ಬಡಿಸುತ್ತೇನೆ” ಎಂಬ ಮಾತು ನನ್ನ ಬಾಯಿಗೆ ಬರಲೇ ಇಲ್ಲ. ನಾನು ಅಲ್ಲಿ ಉಣ್ಣುವವಳು, ಬಡಿಸುವವರು ಅವರು. ಅದು ಸೂರ್ಯ ಹುಟ್ಟಿ ಮುಳುಗಿದಷ್ಟೇ ಸಹಜವಾಗಿತ್ತು.

ಆ ಗುರುವಾರ ನಮ್ಮ ಕಾರ್ಖಾನೆಗೆ ವಾರದ ರಜೆ. ನಾನು ತಡವಾಗಿ ಹೋಗಿದ್ದೆ. ಮಾವಶಿ ಚುಚ್ಚಿಕೊಂಡು, ತಾಟು ಹಾಕಿಕೊಂಡು, ನನ್ನ ಜೊತೆಗೇ ಕೂರುವವರಿದ್ದರು. ಆಗಲೇ ಹೊರಗೆ ಗದ್ದಲ. ಕಟ್ಟಡದವರು ಸ್ಲ್ಯಾಬ್ ಹಾಕುವ ದಿನ ನಡುವೆ ಕೆಲಸ ನಿಲ್ಲಿಸುವಂತಿಲ್ಲ, ಕಾಂಕ್ರೀಟ್ ಮುಗಿಯುವವರೆಗೆ ಊಟವಿಲ್ಲ. ಅಂದು ಮುಗಿಯುವುದು ತಡವಾಗಿ, ಮೈಯೆಲ್ಲ ಸಿಮೆಂಟು ಮೆತ್ತಿಕೊಂಡ ಇಡೀ ತಂಡ ಒಮ್ಮೆಗೇ ಬಂದು ಬೆಂಚಿನ ಮೇಲೆ ಬಿದ್ದಿತು. ನಡುವೆ ನಮ್ಮ ರೊಟ್ಟಿ ಸಾಹುಕಾರ.

ಮಾವಶಿ ತಮ್ಮ ತಾಟಿನ ರೊಟ್ಟಿಗಳನ್ನೇ ಮೊದಲು ಅವರಿಗೆ ಕಳಿಸಿದರು. ಆಮೇಲೆ ಹಂಚಿನ ಮುಂದೆ ನಿಂತವರು ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ಕೈಯಲ್ಲಿ ರೊಟ್ಟಿ ಹರಿಯತೊಡಗಿತು. ಅವರ ಕೈಯಲ್ಲಿ ರೊಟ್ಟಿ ಹರಿದದ್ದನ್ನು ನಾನು ನೋಡಿರಲಿಲ್ಲ. “ಮಾವಶಿ, ಬೆಲ್ಲ ಬಾಯಾಗ ಹಾಕ್ಕೋರಿ” ಎಂದೆ. ಕೇಳಿಸಿಕೊಂಡವರಂತೆ ಕಾಣಲಿಲ್ಲ. ಅಷ್ಟರಲ್ಲಿ ಹೊರಗಿನಿಂದ ಸಾಹುಕಾರನ ದನಿ: “ಮಾವಶಿ, ಇನ್ನೊಂದು.”

ಕೈಯಲ್ಲಿದ್ದ ಹಿಟ್ಟು ಬಿಸಾಡಿ ಮಾವಶಿ ಬಾಗಿಲಿಗೆ ಹೋದರು. ಕಣ್ಣು ಯಾರದೋ ಕಣ್ಣಿನ ಹಾಗಿತ್ತು.

“ಎಷ್ಟ್ ತಿಂತೀಯೋ ಬಕಾಸುರಾ! ಹೊಟ್ಟೀನೋ ಹಗೇವೋ? ನಿಮ್ಮವ್ವ ನಿನಗ ಉಣ್ಣಾಕ ಹಾಕೇ ಇಲ್ಲೇನು? ಏಳು ಮ್ಯಾಲೆ! ಏಳು!”

ಸಾಹುಕಾರ ತಾಟಿನಲ್ಲಿದ್ದ ಅರ್ಧ ರೊಟ್ಟಿ ನೋಡಿದ. ಮಾವಶಿಯ ಮುಖ ನೋಡಿದ. ಎದ್ದು, ತಾಟನ್ನು ತಾನೇ ಎತ್ತಿಕೊಂಡು ಹೋಗಿ ಬಚ್ಚಲ ಹತ್ತಿರ ಇಟ್ಟು, ಕೈ ತೊಳೆದು, ತಲೆ ತಗ್ಗಿಸಿ ಹೊರಟುಹೋದ. ಯಾರೋ ಮೆಲ್ಲಗೆ “ಕುಡದಾಳೇನ?” ಎಂದದ್ದು ಕೇಳಿಸಿತು. ನಾನು ಮಾವಶಿಯನ್ನು ಒಳಗೆಳೆದು ಕೂರಿಸಿ, ಸಕ್ಕರೆ ಕಲಸಿದ ನೀರನ್ನು ಬಾಯಿಗೆ ಹಿಡಿದೆ. ಅರ್ಧ ಮೈಮೇಲೆ ಚೆಲ್ಲಿತು, ಅರ್ಧ ಒಳಗೆ ಹೋಯಿತು. ನಿಧಾನಕ್ಕೆ ಅವರ ಕಣ್ಣು ಅವರದೇ ಆಯಿತು.

“ನಾ ಏನರ ಅಂದ್ನೇನ್ರಿ?”

ಬಾಗಿಲಲ್ಲಿ ನಿಂತಿದ್ದ ಗಂಡ ಹೇಳಿದರು, ಒಂದೊಂದೇ ಮಾತು. ಮಾವಶಿ ಸೆರಗಿನಿಂದ ಮುಖ ಮುಚ್ಚಿಕೊಂಡರು. “ತಾಟಿನ ಮುಂದ ಕುಂತಾಂವನ್ನ ಎಬ್ಬಿಸಿದ್ನೇನ? ಅವರವ್ವನ್ನ ಹಿಡದು ಅಂದ್ನೇನ?” ಎಂದು ಇದನ್ನೇ ಮತ್ತೆ ಮತ್ತೆ ಕೇಳಿದರು. ನಾನು ಎದ್ದೆ. ಹೊರಗೆ ಹೋಗಿ, ಇದು ಕುಡಿತವಲ್ಲ, ಸಕ್ಕರೆ ಇಳಿದದ್ದು ಎಂದು ಹೇಳಿಬಿಡುತ್ತೇನೆ ಎಂದೆ. ಅವರು ನನ್ನ ಮುಂಗೈ ಹಿಡಿದುಕೊಂಡರು. ಹಿಟ್ಟು ಮೆತ್ತಿದ ಆ ಕೈಯಲ್ಲಿ ಅಷ್ಟು ಬಲ ಎಲ್ಲಿಂದ ಬಂತೋ. “ಕುಡದಾಳ ಅಂದ್ರ ಅನ್ಲಿ. ರೋಗ ಅನಬ್ಯಾಡ್ರಿ. ನನ್ನ ಆಣಿ ಅದ.” ನಾನು ಮುಂಗೋಪಿ. ಕಾರ್ಖಾನೆಯಲ್ಲಿ ಒಂದು ತುಂಡು ಕೂದಲೆಳೆಯಷ್ಟು ತಪ್ಪಿದ್ದರೂ ಇಡೀ ಡಬ್ಬ ತಿರುಗಿ ಕಳಿಸಿ ಸೂಪರ್‌ವೈಸರನ ಹತ್ತಿರ ಜಗಳಕ್ಕೆ ನಿಲ್ಲುವವಳು. ಅಂದು ಆ ಆಣೆಗೆ ತಲೆಬಾಗಿ ಕೂತೆ.

ಮಾರನೆಯ ದಿನದಿಂದ ಮಾವಶಿ ಊಟಕ್ಕೆ ಮೊದಲು ಚುಚ್ಚಿಕೊಳ್ಳುವುದನ್ನು ನಿಲ್ಲಿಸಿದರು. ಎಲ್ಲ ಮುಗಿದು, ಬಾಗಿಲು ಹಾಕಿ, ಎರಡು ರೊಟ್ಟಿ ನುಂಗಿ, ಆಮೇಲೆ ನೆನಪಾದರೆ ಚುಚ್ಚಿಕೊಳ್ಳುತ್ತಿದ್ದರು, ಅದೂ ಅರ್ಧ. ಎಷ್ಟೋ ದಿನ ಅದೂ ಇಲ್ಲ. ಸಕ್ಕರೆ ಏರಿತು. ನೀರು ಕುಡಿದಷ್ಟೂ ಬಾಯಾರಿಕೆ, ಮಧ್ಯಾಹ್ನ ಪಲ್ಯ ಹೆಚ್ಚುತ್ತ ಹೆಚ್ಚುತ್ತಲೇ ತೂಕಡಿಕೆ. ಡಾಕ್ಟರಮ್ಮ ಬೈದರು. ನಾನೂ ಬೈದೆ. ಹೀಗೆ ಮಾಡಿದರೆ ಕಣ್ಣು ಹೋಗುತ್ತದೆ, ಕಾಲು ಹೋಗುತ್ತದೆ ಎಂದು ಹೆದರಿಸಿದೆ. ಅವರು ಹಿಟ್ಟು ನಾದುತ್ತಲೇ ಹೇಳಿದರು:

“ಸಕ್ಕರಿ ಬಿದ್ರ ನನ್ನ ಬಾಯಿ ಮಂದೀನ ಕಡೀತದ. ಏರಿದ್ರ ನನ್ನೊಬ್ಬಾಕಿನ್ನ ಕಡೀತದ. ಯಾವ್ದು ಲೇಸು, ನೀವ ಹೇಳ್ರಿ.”

ನನ್ನ ಹತ್ತಿರ ಉತ್ತರವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಉತ್ತರ ಸುಲಭವಿತ್ತು. ಹೊರಗಿನವರಿಗೆ ಒಂದು ಮಾತು ಹೇಳಿ, ದಿನಾ ಒಂದಿಷ್ಟು ಹೊತ್ತು ಬಾಗಿಲು ಹಾಕಿಕೊಂಡು ಉಣ್ಣಿರಿ ಎಂದಷ್ಟೇ. ಹೇಳಿದೆ ಕೂಡ. ಮಾವಶಿ ನನ್ನನ್ನು ಹುಚ್ಚಿಯೆಂಬಂತೆ ನೋಡಿದರು. “ಹಸದು ಬಂದವ್ರ ಮುಂದ ಬಾಗಲಾ ಹಾಕಿ ನಾ ಒಳಗ ಉಣ್ಲೇನು? ಆ ರೊಟ್ಟಿ ಗಂಟಲಾಗ ಇಳೀತದೇನು?” ಮಾತು ಅಲ್ಲಿಗೆ ಮುಗಿಯಿತು.

ರೊಟ್ಟಿ ಸಾಹುಕಾರ ಮತ್ತೆ ಬರಲಿಲ್ಲ. ಅವನ ತಂಡದ ಉಳಿದವರು ನಾಲ್ಕು ದಿನ ಬಿಟ್ಟು ಬಂದರು, ಏನೂ ಆಗಿಲ್ಲವೆಂಬಂತೆ ಉಂಡರು. ಮಾವಶಿ ಅವರ ಕೈಯಲ್ಲಿ ಹೇಳಿ ಕಳಿಸಿದರು, “ಉಣ್ಣಾಕ ಬಾ ಅಂದಾಳಂತ ಹೇಳ್ರೆಪ.” ಹಬ್ಬಕ್ಕೆ ಹೋಳಿಗೆ ಕಟ್ಟಿ ಕಳಿಸಿದರು. ಹೋಳಿಗೆ ತಲುಪಿತೋ ಇಲ್ಲವೋ, ಅವನು ತಳೇಗಾಂವದ ಕಡೆ ಬೇರೆ ಕೆಲಸಕ್ಕೆ ಹೋದನೆಂದು ಸುದ್ದಿ ಬಂತು. ಆಮೇಲೂ ತಡವಾಗಿ ಚಪ್ಪಲಿ ಸದ್ದಾದರೆ ಸಾಕು, ಮಾವಶಿ ಒಲೆ ಬಿಟ್ಟು ಬಾಗಿಲಿಗೆ ಬಂದು ಇಣುಕುತ್ತಿದ್ದರು. ಇಣುಕಿ, ಬಂದವರಿಗೆ ನಗು ತೋರಿಸಿ, ತಿರುಗಿ ಒಳಗೆ ಬರುವಾಗ ಅವರ ಮುಖ ನೋಡುವುದು ನನಗೆ ಕಷ್ಟವಾಗುತ್ತಿತ್ತು. ನಾನು ತಾಟಿನಲ್ಲಿ ಕಣ್ಣಿಟ್ಟು ಉಣ್ಣುತ್ತಿದ್ದೆ.

ಮುಂದಿನದು ಬೇಗ ಹೇಳಿಬಿಡುತ್ತೇನೆ. ಸಕ್ಕರೆಯಿಂದ ಮರಗಟ್ಟಿದ ಪಾದದ ಮೇಲೆ ಬಿಸಿ ಹಂಚು ಜಾರಿ ಬಿದ್ದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಸುಟ್ಟ ವಾಸನೆ ಬಂದದ್ದು ನನಗೆ. ಆ ಗಾಯ ಮಾಯಲಿಲ್ಲ. ಮೊದಲು ಬೆರಳು ತೆಗೆದರು, ಆಮೇಲೆ ಪಾದ. ನಿಲ್ಲಲಾಗದವರಿಗೆ ರೊಟ್ಟಿ ಬಡಿಯುವುದೆಲ್ಲಿಂದ ಬಂತು? ಖಾನಾವಳಿ ಮುಚ್ಚಿತು. ಕಣ್ಣು ಮಂಜಾಯಿತು, ಮೂತ್ರಪಿಂಡಗಳು ಸೋತವು. ಕೊನೆಕೊನೆಗೆ ಹಾಸಿಗೆಯ ಮೇಲೆ ಗಂಡ ತುತ್ತು ಮಾಡಿ ಬಾಯಿಗಿಡುತ್ತಿದ್ದರು. ಹಾಗೆ ತಿನ್ನುವಾಗ ನಾನು ಹೋದರೆ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದರು. ತಾವು ಉಣ್ಣುವುದನ್ನು ಇನ್ನೊಬ್ಬರು ನೋಡಬಾರದು. ಅವರ ನಾಚಿಕೆ ಅಲ್ಲಿಯವರೆಗೂ ಹೋಗಿತ್ತು.

ಮಾವಶಿ ತೀರಿಕೊಂಡ ಮೇಲಿನ ದಿನದ ಊಟಕ್ಕೆ ಅವರ ಗಂಡ ಹಳೆಯ ಗಿರಾಕಿಗಳನ್ನೆಲ್ಲ ಕರೆಸಿದ್ದರು. ಅದೇ ಕೋಣೆ, ಅದೇ ಬೆಂಚುಗಳು. ಅಡುಗೆಗೆ ಬೇರೆಯವರನ್ನು ಹಚ್ಚಿದ್ದರು. ಬಡಿಸಲು ನಾನು ನಿಂತೆ, ಆ ಮನೆಯಲ್ಲಿ ಮೊದಲ ಸಲ. ಕೊನೆಯ ಬೆಂಚಿನ ತುದಿಯಲ್ಲಿ ಒಬ್ಬ ಎತ್ತರದ ಆಳು ಕೂತಿದ್ದ. ಗಡ್ಡ ನೆರೆತಿತ್ತು, ಭುಜ ಇಳಿದಿತ್ತು. ಹತ್ತಿರ ಹೋದ ಮೇಲೆ ಗುರುತು ಸಿಕ್ಕಿತು. ಎರಡು ರೊಟ್ಟಿ ಉಂಡು ಮುಗಿಸಿದ್ದ. ನಾನು ಮೂರನೆಯದನ್ನು ಮುಂದೆ ಹಿಡಿದೆ. ಅವನು ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದ.

“ಬ್ಯಾಡ್ರಿ ಬಾಯಾರ. ಎರಡರ ಮ್ಯಾಲ ನಾ ಉಣ್ಣಂಗಿಲ್ರಿ.”

“ಯಾಕ? ಮೈಯಾಗ ಹುಷಾರಿಲ್ಲೇನು?”

“ಮೈಗೇನ್ ಆಗಿಲ್ರಿ. ಅವತ್ತು ಮಾವಶಿ ಅಂದ್ರಲ್ರಿ, ಅವತ್ತಿಂದ ಬಿಟ್ಟೀನಿ. ಖರೇನ ಅಂದಿದ್ರು. ನಾಲ್ಕ ಮಂದಿಗೆ ಆಗೋದು ನಾ ಒಬ್ಬನ ಉಣ್ತಿದ್ದೆ. ಅದ್ನ ಮಾವಶಿನ ಬಾಯಿಬಿಟ್ಟು ಅಂದ್ರು ಅಂದಮ್ಯಾಲ ಎಷ್ಟು ಬ್ಯಾಸತ್ತಿರಬೇಕ್ರಿ ಅವ್ರು? ಭಾಳ ನಾಚಿಕಿ ಆತ್ರಿ ನನಗ. ಹೋಳಿಗಿ ಕಳಸಿದ್ರು, ಬಾ ಅಂತ ಹೇಳಿ ಕಳಸಿದ್ರು. ಯಾವ ಮಾರಿ ಹೊತ್ತು ಬರ್ಲಿರಿ?”

ನಾನು ರೊಟ್ಟಿಯ ಬುಟ್ಟಿ ಹಿಡಿದುಕೊಂಡೇ ಅವನ ಪಕ್ಕ ಬೆಂಚಿನ ಮೇಲೆ ಕೂತೆ. ಮಾವಶಿಯ ಆಣೆ ಇನ್ನು ಯಾರನ್ನು ಕಾಯಬೇಕಿತ್ತು? ಎಲ್ಲವನ್ನೂ ಹೇಳಿದೆ. ಸಕ್ಕರೆ ಕಾಯಿಲೆ, ಹಿಟ್ಟಿನ ಡಬ್ಬದ ಹಿಂದಿನ ಸೂಜಿ, ಅಂದು ಚುಚ್ಚಿಕೊಂಡು ಉಣ್ಣಲು ಕೂತಾಗಲೇ ಅವರ ತಂಡ ಬಂದದ್ದು, ತಾಟಿನ ರೊಟ್ಟಿ ಹೊರಗೆ ಕಳಿಸಿದ್ದು, ಆ ಮಾತು ಅವರದಾಗಿರಲಿಲ್ಲವೆಂಬುದು, ಆಮೇಲೆ ಹಾಗಾಗಬಾರದೆಂದು ಸಕ್ಕರೆಯನ್ನು ಏರಲು ಬಿಟ್ಟು ಬಿಟ್ಟು ಸವೆದದ್ದು. ಅಕ್ಕಪಕ್ಕದವರೂ ಉಣ್ಣುವುದು ನಿಲ್ಲಿಸಿ ಕೇಳುತ್ತಿದ್ದರು. ಮಂಚದ ಮೇಲಿದ್ದ ಗಂಡ ಮುಖ ಕೆಳಗೆ ಹಾಕಿದ್ದರು.

“ಹಂಗಾದ್ರ ನಾವು ಉಂಡಿದ್ದು ಅವ್ರ ತಾಟಿಂದು ಏನ್ರಿ?” ಎಂದು ಕೇಳಿದ.

ನಾನು ಹೌದೆಂದೆ.

ಸಿಟ್ಟು ಮಾಡಿಕೊಂಡಾನೆಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವನು ದನಿ ಎತ್ತದೆ, ನಿಜವಾಗಿಯೂ ತಿಳಿಯದೆ ಕೇಳುವವನಂತೆ ಕೇಳಿದ:

“ಒಂದ ಮಾತು ಹೇಳಿದ್ರ ಆಗ್ತಿತ್ತಲ್ರಿ ಬಾಯಾರ. ಮಾವಶಿ ಉಂಡು ಏಳೋತನಕ ನಾವು ಹೊರಗ ನಿಂತಿರ್ತಿದ್ವಿ.”